ಬುದ್ಧಿ ಹೇಳಲು ಹೋದವಳು

ನಾನು ನಿವೃತ್ತಳಾದ ಮೇಲೆ ಸಲಹಾ ಕೇಂದ್ರದಲ್ಲಿ ನನ್ನ ಕುರ್ಚಿಗೆ ಬಂದ ಹುಡುಗಿ ತೇಜಸ್ವಿನಿ. ಒಂದು ದಿನ ಮನೆಗೆ ಬಂದಳು. ಆಗಷ್ಟೇ ಯಾವುದೋ ತರಬೇತಿ ಮುಗಿಸಿಕೊಂಡು ಬಂದಿದ್ದಳು. ಚೀಲದಿಂದ ಬಣ್ಣಬಣ್ಣದ ದೊಡ್ಡ ಹಾಳೆಯೊಂದನ್ನು ತೆಗೆದು ನಮ್ಮ ಊಟದ ಮೇಜಿನ ಮೇಲೆ ಹರಡಿದಳು. ಮನುಷ್ಯನ ಮನಸ್ಸು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆಯಂತೆ. ಮೊದಲು ಹಸಿವು ಮತ್ತು ಭಯ, ಆಮೇಲೆ ನಮ್ಮವರು ಎಂಬ ಗುಂಪು, ಆಮೇಲೆ ನಿಯಮ, ಆಮೇಲೆ ನನ್ನ ಬುದ್ಧಿಯೇ ದೊಡ್ಡದೆಂಬ ಹುಮ್ಮಸ್ಸು, ಅದರ ಮೇಲೆ ಎಲ್ಲರಿಗೂ ಅವರವರ ಸತ್ಯ ಎಂಬ ತಿಳಿವಳಿಕೆ. ತೀರ ಮೇಲಿನ ಮೆಟ್ಟಿಲಲ್ಲಿ ಒಬ್ಬ ಮನುಷ್ಯ ಎರಡೂ ಕೈ ಚಾಚಿ ಸೂರ್ಯನನ್ನು ನೋಡುತ್ತ ನಿಂತಿದ್ದ.

“ಮೇಡಂ, ನೀವು ಯಾವ ಮೆಟ್ಟಿಲದಾಗ ಅದೀರಿ?” ಎಂದು ಕೇಳಿದಳು.

“ಮೊಣಕಾಲು ನೋವು ಬಂದಾಗಿನಿಂದ ನಾನು ಮೆಟ್ಟಿಲಿನ ಸುದ್ದಿಗೇ ಹೋಗಂಗಿಲ್ಲವ್ವ” ಎಂದೆ.

ಅವಳು ನಗಲಿಲ್ಲ. ಪುಸ್ತಕ ತೆಗೆದು ನನ್ನ ಉತ್ತರವನ್ನು ಬರೆದುಕೊಂಡಳು. ಅದನ್ನು ಕಂಡು ನನಗೆ ಸಣ್ಣಗೆ ಗಾಬರಿಯಾಯಿತು. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಅವಳ ಹಾಳೆಯಲ್ಲಿರುವುದು ಸುಳ್ಳಲ್ಲ. ಅಲ್ಲಿರುವ ಎಷ್ಟೋ ಮೆಟ್ಟಿಲುಗಳನ್ನು ನಾನು ಹತ್ತಿದ್ದೇನೆ. ಆದರೆ ಒಂದನ್ನೂ ನೆಟ್ಟಗೆ ಹತ್ತಿಲ್ಲ, ಎಡವಿ ಬಿದ್ದು ಎದ್ದಾಗ ಮೇಲಿನ ಮೆಟ್ಟಿಲ ಮೇಲೆ ಇದ್ದೆ, ಅಷ್ಟೇ. ಆ ಬಿದ್ದ ಕಥೆಗಳು ಹಾಳೆಯಲ್ಲಿ ಇರುವುದಿಲ್ಲವಾದ್ದರಿಂದ ತೇಜಸ್ವಿನಿಗಾಗಿಯೂ ಅವಳಂತೆ ಹೊಸದಾಗಿ ಸೇರುವವರಿಗಾಗಿಯೂ ಇಲ್ಲಿ ಬರೆಯುತ್ತಿದ್ದೇನೆ. ನನ್ನೆದುರು ಬಂದು ಕೂತವರ ಹೆಸರುಗಳನ್ನು ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ, ಅವು ನನ್ನವೇ.

ನನ್ನ ಊರು ಪಾಪಿನಾಯಕನಹಳ್ಳಿ. ಹೆಸರು ನೀಲಮ್ಮ. ಮನಶ್ಶಾಸ್ತ್ರ ಓದಿ ಹೊಸಪೇಟೆಯ ಒಂದು ಚಿಕ್ಕ ಕುಟುಂಬ ಸಲಹಾ ಕೇಂದ್ರದಲ್ಲಿ ಸಮಾಲೋಚಕಿಯಾಗಿ ಸೇರಿದೆ. ಗಂಡ ಹೆಂಡತಿ, ಅತ್ತೆ ಸೊಸೆ, ಅಪ್ಪ ಮಗ ಜಗಳವಾಡಿಕೊಂಡು ಬಂದಾಗ ನಡುವೆ ಕೂತು ಕೇಳುವುದು ಈ ಕೆಲಸ. ನಮ್ಮ ಊರಿನಲ್ಲಿ ಇದಕ್ಕೆ ‘ಬುದ್ಧಿ ಹೇಳೋ ನೌಕರಿ’ ಎಂದು ಹೆಸರಾಯಿತು. “ಹೇಳಾಕ ಬುದ್ಧಿ ಎಲ್ಲಿಂದ ತರ್ತಾಳಂತ?” ಎಂದು ಅವ್ವ ಓಣಿಯವರ ಮುಂದೆಯೇ ಕೇಳಿದ್ದಳು. ಅವ್ವನ ಪ್ರಶ್ನೆ ನ್ಯಾಯವಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾದವು.

ಕೇಂದ್ರವನ್ನು ನಡೆಸುತ್ತಿದ್ದವರು ಸರೋಜಮ್ಮ, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮನಶ್ಶಾಸ್ತ್ರದ ಒಂದು ಪುಟವನ್ನೂ ಓದಿರಲಿಲ್ಲ. ಬಂದವರಿಗೆ ಮೊದಲು ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಡುತ್ತಿದ್ದರು. ಓದಿಕೊಂಡು ಬಂದ ನನಗೆ ಅದು ಸ್ವಲ್ಪ ಹಳ್ಳಿಗಾಡಿನ ಪದ್ಧತಿಯಾಗಿ ಕಾಣುತ್ತಿತ್ತು.

ನಮ್ಮ ಎರಡು ಕೋಣೆಗಳು ಒಂದು ಹಿಟ್ಟಿನ ಗಿರಣಿಯ ಮೇಲಿದ್ದವು. ಮುಂಜಾನೆಯಿಂದ ಸಂಜೆಯವರೆಗೆ ಕೆಳಗೆ ಗಿರಣಿ ಗುಡುಗುತ್ತಿತ್ತು. ಮೇಲೆ ಕೂತ ಹೆಂಗಸರು ತಮ್ಮ ಅತ್ಯಂತ ಗುಟ್ಟಿನ ಮಾತುಗಳನ್ನು ಅದರ ಸದ್ದಿಗಿಂತ ಎತ್ತರದ ದನಿಯಲ್ಲಿ ಕೂಗಿ ಹೇಳಬೇಕಾಗುತ್ತಿತ್ತು. ಒಮ್ಮೆ ಹೀಗೇ ಒಬ್ಬಾಕೆ, “ನನ್ನ ಗಂಡ ಇವತ್ತಿಗೂ ಅವರವ್ವನ ಮಗ್ಗಲದಾಗ ಮಲಗತಾನ್ರಿ!” ಎಂದು ಕೂಗುವಾಗ ನಡುವೆ ಕರೆಂಟು ಹೋಗಿ ಗಿರಣಿ ನಿಂತಿತು. ಕೆಳಗೆ ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ತಲೆ ಎತ್ತಿ ಮೇಲೆ ನೋಡಿದರು. ಸಾಲಿನಲ್ಲಿ ಆಕೆಯ ಗಂಡನೂ ಇದ್ದ. ಅಚ್ಚರಿಯೆಂದರೆ ಆ ಸಮಸ್ಯೆ ಅಂದೇ ಬಗೆಹರಿಯಿತು. ನನ್ನ ಮೊದಲ ಯಶಸ್ವೀ ಪ್ರಕರಣ ಅದು. ಮಾಡಿದ್ದು ವಿದ್ಯುತ್ ಇಲಾಖೆ.

ಆ ದಿನಗಳಲ್ಲಿ ನನ್ನ ದೇವರು ಒಂದು ನಮೂನೆ ಪತ್ರ. ಮೇಲಿನವರು ಕಳಿಸಿದ್ದು, ಉದ್ದನೆಯ ಪ್ರಶ್ನಾವಳಿ. ಯಾರೇ ಬರಲಿ, ಹೆಸರಿನಿಂದ ಹಿಡಿದು ಕೊನೆಯ ಪ್ರಶ್ನೆಯವರೆಗೆ ತುಂಬಿದ ಮೇಲೆಯೇ ‘ಏನು ತೊಂದರೆ’ ಎಂದು ಕೇಳಬೇಕು. ನಿಯಮ ಅಂದರೆ ನಿಯಮ. ಬುಕ್ಕಸಾಗರದಿಂದ ವಯಸ್ಸಾದ ಹೆಣ್ಣುಮಗಳೊಬ್ಬಳು ಬಂದಳು. ಅತ್ತು ಅತ್ತು ಕಣ್ಣುಗಳು ಬಾತುಕೊಂಡಿದ್ದವು. ನಾನು ಪೆನ್ನು ತೆಗೆದೆ. ಮನೆ ಸ್ವಂತದ್ದೋ ಬಾಡಿಗೆಯೋ, ಕೋಣೆ ಎಷ್ಟು, ನೀರಿನ ವ್ಯವಸ್ಥೆ ಏನು, ಎಮ್ಮೆ ಇದೆಯೋ. ಆಕೆ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟಳು. ಹಾಗೆ ಕೊಡುತ್ತ ಕೊಡುತ್ತ ಅಳು ನಿಂತಿತು. ನನ್ನ ವಿಧಾನ ಫಲ ಕೊಡುತ್ತಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಎರಡನೇ ಪುಟ ತಿರುಗಿಸುವಾಗ ಆಕೆ ಕೇಳಿದಳು, “ಯವ್ವಾ, ರೇಷನ್ ಕಾರ್ಡು ಇವತ್ತೇ ಕೊಡ್ತೀರೋ, ಮತ್ತ ಬರಬೇಕೋ?”

ಆಕೆ ಬಂದದ್ದು ಸತ್ತ ಮಗಳ ದುಃಖ ತಡೆಯಲಾರದೆ. ಯಾರೋ ‘ಅಲ್ಲಿ ಹೋಗಿ ಮಾತಾಡು, ಎದಿ ಹಗುರ ಆಕ್ಕೈತಿ’ ಎಂದು ಕಳಿಸಿದ್ದರು. ನನ್ನ ಪ್ರಶ್ನೆಗಳನ್ನು ಕೇಳಿ, ಎದೆ ಹಗುರ ಮಾಡುವ ಕಚೇರಿ ಬೇರೆ ಇರಬೇಕು, ಬಂದದ್ದಕ್ಕೆ ಕಾರ್ಡನ್ನಾದರೂ ಮಾಡಿಸಿಕೊಂಡು ಹೋಗೋಣ ಎಂದುಕೊಂಡಿದ್ದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರೋಜಮ್ಮ ಒಳಗೆ ಬಂದು ಆಕೆಯ ಕೈಗೆ ಮಜ್ಜಿಗೆ ಕೊಟ್ಟು, ಪಕ್ಕದಲ್ಲಿ ಕೂತು, “ಮಗಳ ಹೆಸರೇನಿತ್ತವ್ವ?” ಎಂದರು. ಆಕೆ ಮಧ್ಯಾಹ್ನದವರೆಗೆ ಮಾತಾಡಿದಳು. ನನ್ನ ಫಾರಂನಲ್ಲಿ ಸತ್ತ ಮಕ್ಕಳ ಹೆಸರಿಗೆ ಜಾಗವೇ ಇರಲಿಲ್ಲ.

ಅವತ್ತು ಸರೋಜಮ್ಮ ನನ್ನನ್ನು ಬೈಯಲಿಲ್ಲ. “ಎಮ್ಮಿ ಎಷ್ಟು ಹಾಲು ಕೊಡತೈತಿ ಅಂತ ಕೇಳಿದಿಯೇನು?” ಎಂದಷ್ಟೇ ಕೇಳಿದರು. ನಾನು ಕೇಳಿದ್ದೆ. ಹೇಳಲಿಲ್ಲ.

ಫಾರಂ ಬಿಟ್ಟ ಮೇಲೆ ನಾನು ವಿನಯವಂತೆಯಾದೆ ಎಂದು ನೀವು ತಿಳಿದರೆ ತಪ್ಪು. ನಿಯಮವನ್ನು ಬಿಟ್ಟವಳು ನನ್ನ ಬುದ್ಧಿಯನ್ನು ಹಿಡಿದುಕೊಂಡೆ. ಧಾರವಾಡದಲ್ಲಿ ಒಂದು ತರಬೇತಿಗೆ ಹೋಗಿ ಬಂದೆ. ಬಂದಮೇಲೆ ಯಾರನ್ನು ನೋಡಿದರೂ ಅವರ ಮನಸ್ಸಿನ ಒಳಗಿನ ರೋಗ ಗಾಜಿನ ಬೀರುವಿನ ಸಾಮಾನಿನಂತೆ ಕಾಣತೊಡಗಿತು. ಬಸ್ಸಿನ ಕಂಡಕ್ಟರನಿಗೆ ಅಧಿಕಾರದ ಹಂಬಲ. ನಮ್ಮ ಅತ್ತೆಗೆ ಅಭದ್ರತೆ. ನನ್ನ ಗಂಡನಿಗೂ ಏನೋ ಒಂದನ್ನು ಹಚ್ಚಿದ್ದೆ. ಅವರು, “ಅದರ ಹೆಸರು ಹೇಳಬ್ಯಾಡ, ಸಾರಿಗೆ ಉಪ್ಪು ಹಾಕು” ಎಂದು ಎದ್ದು ಹೋಗುತ್ತಿದ್ದರು.

ಆಗ ಬಂದವಳು ಶಾರದಾ. ಅವಳ ಗಂಡ ಪಂಪಾಪತಿ ಹಂಪಿಯಲ್ಲಿ ಪ್ರವಾಸಿಗರಿಗೆ ಗೈಡು. ಶಾರದಾಳ ದೂರು ಒಂದೇ: ಗಂಡ ಸುಳ್ಳು ಹೇಳುತ್ತಾನೆ.

“ಮೊನ್ನಿ ಮೊಸರು ತರಾಕ ಕಳಿಸಿದ್ದೆರಿ. ಬರಿಗೈಲೆ ಬಂದ. ಎಲ್ಲೈತಿ ಅಂದ್ರ ಕೋತಿ ಕಸಗೊಂಡು ಹೋತು ಅಂದ. ಊರವರಿಗೆಲ್ಲ ದಿನಾ ಕಥಿ ಹೇಳತಾನ, ನನಗ ಬರೇ ಇಂಥವು!”

‘ಸುಳ್ಳು’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಮುಂದಿನದು ಕೇಳಿಸಲಿಲ್ಲ. ಗಾಜಿನ ಬೀರು ತೆರೆದಿತ್ತು. ದಿನವಿಡೀ ಕಥೆ ಕಟ್ಟುವ ಕಸುಬು, ಕಲ್ಪನೆ ಮತ್ತು ವಾಸ್ತವದ ಗೆರೆ ಅಳಿಸಿದೆ, ಪ್ರಕರಣ ಗಂಭೀರ. ಪಂಪಾಪತಿಯನ್ನು ಕರೆಸಿ ಹೇಳಿದೆ. ಅವನು ಪಾಪದ ಮುಖ ಮಾಡಿ, “ಮೇಡಂ, ಕೋತಿ ಮಾತ್ರ ಖರೇರಿ” ಎಂದ. ಒಪ್ಪಿಕೊಳ್ಳದಿರುವುದೂ ರೋಗದ ಲಕ್ಷಣವೇ ಎಂದು ನಾನು ಬರೆದುಕೊಂಡೆ.

ಅಷ್ಟಕ್ಕೇ ಬಿಡಬಹುದಿತ್ತು. ರೋಗಿಯನ್ನು ಅವನ ಪರಿಸರದಲ್ಲಿ ನೋಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಒಂದು ಭಾನುವಾರ ತಂಪು ಕನ್ನಡಕ ಹಾಕಿ, ತಲೆಗೆ ಸೆರಗು ಹೊದ್ದು, ಹಂಪಿಗೆ ಹೋಗಿ ಅವನ ಪ್ರವಾಸಿಗರ ಗುಂಪಿನ ಹಿಂದೆ ಸೇರಿಕೊಂಡೆ. ಅವನು ನನ್ನತ್ತ ನೋಡಲೇ ಇಲ್ಲ. ನನ್ನ ವೇಷ ಚೆನ್ನಾಗಿ ಬಂದಿದೆ ಎಂದುಕೊಂಡೆ. ಒಂದು ಮಂಟಪದ ಕಂಬದ ಹತ್ತಿರ ನಿಂತ. ಕಂಬದಲ್ಲಿ ಬೆರಳೆತ್ತಿ ನಿಂತ ಹೆಂಗಸಿನ ಶಿಲ್ಪವಿತ್ತು.

“ಇವರು ಆಗಿನ ಕಾಲದ ಸಮಾಲೋಚಕಿ” ಎಂದ ಪಂಪಾಪತಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. “ರಾಜ ರಾಣಿ ಜಗಳಾಡಿದಾಗ ಇವರು ಬಂದು ಬುದ್ಧಿ ಹೇಳತಿದ್ರು. ಬೆರಳು ನೋಡ್ರಿ, ಹೆಂಗೈತಿ. ಇವರ ಬುದ್ಧಿ ಕೇಳಿ ಕೇಳಿ ರಾಜ ರಾಣಿ ಒಂದಾಗಿ, ಇಬ್ಬರೂ ಸೇರಿ ಇವರನ್ನ ಹೊರಗ ಕಳಸತಿದ್ರು.”

ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿದ್ದವರು ಫೋಟೊ ತೆಗೆದುಕೊಂಡರು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ, ಯಾಕೆಂದರೆ ಕೇಂದ್ರದಲ್ಲಿ ಮಾತಾಡುವಾಗ ನಾನೂ ಹಾಗೇ ಬೆರಳೆತ್ತುತ್ತಿದ್ದೆ. ಅವಮಾನದಿಂದ ಗುಂಪು ಬಿಟ್ಟು ಹೊರಗೆ ಬಂದು ಕಲ್ಲಿನ ಮೇಲೆ ಕೂತೆ. ಪಕ್ಕದಲ್ಲಿಟ್ಟ ಚೀಲ ಸರಕ್ಕನೆ ಮೇಲಕ್ಕೆ ಹೋಯಿತು. ಒಂದು ಕೋತಿ ಅದನ್ನು ಹಿಡಿದುಕೊಂಡು ಮಂಟಪದ ಮೇಲೇರಿ, ಪಂಪಾಪತಿಯ ಬಗ್ಗೆ ನಾನು ಬರೆದಿಟ್ಟ ಕಡತವನ್ನು ಹೊರತೆಗೆದು, ಒಂದೊಂದೇ ಹಾಳೆಯನ್ನು ಮೂಸಿ ನೋಡಿ ಕೆಳಗೆ ಬಿಡತೊಡಗಿತು.

ಪಂಪಾಪತಿಯೇ ಓಡಿ ಬಂದ. ಬಾಳೆಹಣ್ಣು ತೋರಿಸಿ ಚೀಲ ಬಿಡಿಸಿದ. ಹಾರಿದ ಹಾಳೆಗಳನ್ನು ಆರಿಸಿ ಕೊಡುವಾಗ ತನ್ನ ರೋಗದ ಹೆಸರನ್ನು ಓದಿದನೋ ಏನೋ, ಕೇಳಲಿಲ್ಲ. “ಹಾಳಿ ಅದಕ ಸೇರಂಗಿಲ್ರಿ ಮೇಡಂ. ಮೊಸರಾದರ ಪ್ಯಾಕೀಟು ಸೈತ ಬಿಡಂಗಿಲ್ಲ” ಎಂದಷ್ಟೇ ಹೇಳಿದ.

ಮರುವಾರ ಶಾರದಾ ಬಂದಾಗ ಮೊದಲ ಸಲ ಅವಳ ಮಾತನ್ನು ಕೊನೆಯವರೆಗೆ ಕೇಳಿದೆ. ಅವಳಿಗೆ ಸುಳ್ಳಿನ ಮೇಲೆ ಸಿಟ್ಟಿರಲಿಲ್ಲ. “ದಿನಾ ಊರವರಿಗೆ ರಾಣಿ ಹಂಗಿದ್ಲು ಹಿಂಗಿದ್ಲು ಅಂತ ಬಣ್ಣ ಹಚ್ಚಿ ಹೇಳತಾನ. ಮನಿಗೆ ಬಂದರ ದನಿ ಸತ್ತಿರತೈತಿ, ಮುಖ ತಿರುವಿ ಮಲಗತಾನ. ಸುಳ್ಳರ ಆಗಲಿ, ನನಗೂ ಒಂದು ಚಂದನ್ನ ಕಥಿ ಹೇಳಬಾರದೇನ್ರಿ?” ಎಂದಳು. ಮೊದಲ ದಿನವೇ ಹೇಳಿದ್ದಳು, ‘ನನಗ ಬರೇ ಇಂಥವು’ ಎಂದು. ನಾನು ಬೀರುವಿನ ಬಾಗಿಲು ತೆರೆಯುವ ಗಡಿಬಿಡಿಯಲ್ಲಿದ್ದೆ. ಅವಳ ಮಾತನ್ನು ಪಂಪಾಪತಿಗೆ ಹಾಗೇ ತಿಳಿಸಿದೆ, ನನ್ನದೊಂದು ಮಾತೂ ಸೇರಿಸದೆ. ಅವರಿಬ್ಬರೂ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಇಲ್ಲಿಗೆ ನಾನು ಜಾಣೆಯಾದೆ ಎಂದು ನಾನೂ ತಿಳಿದಿದ್ದೆ. ಪ್ರತಿಯೊಬ್ಬರಿಗೂ ಅವರದೇ ಒಂದು ಕಡೆ ಇರುತ್ತದೆ, ಅಲ್ಲಿ ನಿಂತು ನೋಡಿದರೆ ಅವರು ಹೇಳುವುದು ಸರಿಯೇ ಎಂಬುದು ಹೊಳೆದಿತ್ತು. ಹೊಸದಾಗಿ ಸೈಕಲ್ ಕಲಿತವರು ಅಂಗಡಿಗೂ ಸೈಕಲ್ ಮೇಲೇ ಹೋಗುವಂತೆ, ನಾನು ಎಲ್ಲದಕ್ಕೂ ಅದನ್ನೇ ಬಳಸಿದೆ. ಸೊಸೆ ಹೇಳಿದರೆ ಅದೂ ಸರಿ. ಅತ್ತೆ ಹೇಳಿದರೆ ಅದೂ ಸರಿ. ಹೊರಗೆ ನನಗೆ ‘ಅದೂಸರಿ ಅಕ್ಕ’ ಎಂದೇ ಹೆಸರು ಬಿದ್ದಿತ್ತು. ಗಿರಣಿಯವನು ಹಿಟ್ಟು ಬೀಸಿಸಲು ಬಂದವರಿಗೆ, “ಮ್ಯಾಲ ಹೋಗ್ರಿ, ಇಬ್ಬರನ್ನೂ ಗೆಲ್ಲಸತಾರ” ಎನ್ನುತ್ತಿದ್ದನಂತೆ. ಕೇಳಿ ನನಗೆ ಹೆಮ್ಮೆಯೇ ಆಗಿತ್ತು.

ಮುಂದಿನದನ್ನು ನಗಿಸುತ್ತ ಬರೆಯಲು ನನಗೆ ಬರುವುದಿಲ್ಲ.

ಕಂಪ್ಲಿಯಿಂದ ರೇಣುಕಾ ಎಂಬ ಇಪ್ಪತ್ತೆರಡರ ಹುಡುಗಿ ಬಂದಳು. ಗಂಡ ಈರಣ್ಣ ಲಾರಿ ಓಡಿಸುವವನು. ಹೊಡೆಯುತ್ತಾನೆ ಎಂದಳು. ನಾನು ಈರಣ್ಣನನ್ನು ಕರೆಸಿದೆ. ಅವನು ತನ್ನ ಬಾಲ್ಯ ಹೇಳಿಕೊಂಡ, ಅಪ್ಪ ತನ್ನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದುದನ್ನು ಹೇಳಿ ಅತ್ತ. ನನ್ನ ಕಣ್ಣಲ್ಲೂ ನೀರು ಬಂತು. ಅವನ ತಾಯಿಯನ್ನು ಕರೆಸಿದೆ. ಆಕೆಯ ಜೀವನವೂ ಅಷ್ಟೇ ಕಷ್ಟದ್ದು. ರೇಣುಕಾ ಎರಡನೇ ಸಲ ಬಂದಾಗ ಅವರಿಬ್ಬರ ಕಷ್ಟವನ್ನು ಅವಳಿಗೆ ಚೆನ್ನಾಗಿ ಅರ್ಥವಾಗುವಂತೆ ವಿವರಿಸಿದೆ. ಅವಳು ತಲೆ ಅಲ್ಲಾಡಿಸಿದಳು. ಮೂರನೇ ಸಲ ಬಂದಾಗ ಕುತ್ತಿಗೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು. ಏನಾಯಿತು ಎಂದರೆ “ಬಿದ್ದೆರಿ” ಎಂದಳು. ಬಿದ್ದರೆ ಕುತ್ತಿಗೆಗೆ ಬೆರಳಿನ ಗುರುತು ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, “ಅವನೂ ಬದಲಾಗಾಕ ಪ್ರಯತ್ನ ಮಾಡಾಕತ್ತಾನ, ಇನ್ನೊಂದಿಷ್ಟು ದಿನ ನೋಡೋಣು” ಎಂದೆ.

ನಾಲ್ಕನೇ ಸಲ ಅವಳು ಬರಲಿಲ್ಲ. ನಾನೇ ಆಸ್ಪತ್ರೆಗೆ ಹೋಗಬೇಕಾಯಿತು. ಬಲಗೈ ಎರಡು ಕಡೆ ಮುರಿದಿತ್ತು. ಮಂಚದ ಪಕ್ಕ ಕೂತ ನನ್ನನ್ನು ಬಹಳ ಹೊತ್ತು ನೋಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತೆ ಕೇಳಿದಳು.

“ಅಕ್ಕಾ, ನೀವು ಎಲ್ಲಾರ ಕಡೆ ನಿಂತು ನೋಡಿದ್ರಿ. ನನ್ನ ಕಡೆ ಯಾರು ನಿಂದ್ರಬೇಕಾಗಿತ್ತು?”

ಅದೇ ದಿನ ಅವಳೊಂದಿಗೆ ಕೂತು ಪೊಲೀಸರಿಗೆ ದೂರು ಬರೆಸಿದೆ. ಈರಣ್ಣನ ತಾಯಿ ಕೇಂದ್ರದ ಬಾಗಿಲಲ್ಲಿ ನಿಂತು ನನ್ನನ್ನು ಶಪಿಸಿದರು. ಆಕೆಯ ಸಂಕಟ ನನಗೆ ಆಗಲೂ ಅರ್ಥವಾಗುತ್ತಿತ್ತು. ಆದರೂ ದೂರು ಹಿಂದೆ ಪಡೆಯುವ ಮಾತಿಗೆ ಒಪ್ಪಲಿಲ್ಲ.

ಸಂಜೆ ಸರೋಜಮ್ಮನ ಮುಂದೆ ಕೂತು ಅತ್ತುಬಿಟ್ಟೆ, ಕೆಲಸ ಬಿಡುತ್ತೇನೆ ಎಂದೆ. ಅವರು ಸಮಾಧಾನ ಹೇಳಲಿಲ್ಲ. “ಮೊದಲ ನಿನಗ ಒಂದೇ ಕಣ್ಣಿತ್ತು, ಈಗ ಹತ್ತು ಬಂದಾವು. ಕಾಲು ಊರೋದು ಮರತಿ” ಎಂದರು. ಆಮೇಲೆ ತಮ್ಮದೊಂದು ಕಥೆ ಹೇಳಿದರು. ಅವರು ಶಾಲೆಯಲ್ಲಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಬರುವುದನ್ನು ನಿಲ್ಲಿಸಿದಳು. ಇವರು ನಿಯಮದ ಪ್ರಕಾರ ಹಾಜರಿಯಿಂದ ಹೆಸರು ಹೊಡೆದು ಹಾಕಿದರು. ಮನೆಗೆ ಹೋಗಿ ಯಾಕೆ ಬರುತ್ತಿಲ್ಲವೆಂದು ಕೇಳಬೇಕೆಂದು ತೋಚಲಿಲ್ಲ. ಆ ಹುಡುಗಿಗೆ ಏನಾಯಿತೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ. “ಅದಕ್ಕ ರಿಟೈರ್ ಆದಮ್ಯಾಲ ಈ ಕೇಂದ್ರ ತೆಗದೆ. ತಪ್ಪು ಮಾಡಿದಾಕಿ ಹೋಗಿಬಿಟ್ರ ಅದನ್ನ ಮತ್ತ ಮಾಡಾಕ ಹೊಸಬರು ಬರತಾರ. ನೀನು ಇರು. ನೀನರ ಮತ್ತ ಅದನ್ನ ಮಾಡಂಗಿಲ್ಲ” ಎಂದರು.

ಇದ್ದೆ. ರೇಣುಕಾ ತವರಿಗೆ ಹೋದಳು. ಆಮೇಲೆ ಕಮಲಾಪುರದಲ್ಲಿ ಹಾಸ್ಟೆಲಿನ ಅಡುಗೆ ಕೆಲಸ ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಕೆಲವು ಸಲ ಎದುರಾಗಿದ್ದಾಳೆ. ತಲೆ ಅಲ್ಲಾಡಿಸುತ್ತಾಳೆ, ನಿಂತು ಮಾತಾಡುವುದಿಲ್ಲ. ಅವಳ ಬಲಗೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಅವಳು ನನ್ನನ್ನು ಕ್ಷಮಿಸಿದ್ದಾಳೋ ಎಂದು ನಾನು ಕೇಳಿಲ್ಲ. ಅದನ್ನು ಕೇಳುವುದೂ ನನ್ನ ಎದೆ ಹಗುರವಾಗಲೆಂದೇ ಆದೀತು.

ಆಮೇಲಿನ ವರ್ಷಗಳಲ್ಲಿ ನಾನು ನಿಧಾನವಾದೆ. ಎಲ್ಲರ ಕಡೆಯೂ ಕೇಳುತ್ತಿದ್ದೆ, ಕೇಳಿದ ಮೇಲೆ ಒಂದು ಕಡೆ ನಿಲ್ಲುತ್ತಿದ್ದೆ, ನಿಂತದ್ದು ತಪ್ಪಾದರೆ ಹೋಗಿ ತಪ್ಪಾಯಿತು ಎಂದು ಹೇಳಿ ಬರುತ್ತಿದ್ದೆ. ಮೂರನೆಯದು ಮೊದಲೆರಡಕ್ಕಿಂತ ಕಷ್ಟ. ಅದಕ್ಕೆ ಬಸ್ ಚಾರ್ಜೂ ಬೇಕು.

ನಡುವೆ ಸರೋಜಮ್ಮ ತೀರಿಕೊಂಡರು. ಮಜ್ಜಿಗೆಯ ಲೋಟಗಳು ನನ್ನ ಪಾಲಿಗೆ ಬಂದವು. ಕೆಳಗಿನ ಗಿರಣಿ ಮುಚ್ಚಿ ಮೊಬೈಲ್ ಅಂಗಡಿಯಾಯಿತು. ಜಗಳದ ರೀತಿಯೂ ಬದಲಾಯಿತು. ಮೊದಲು ಮೈಮೇಲಿನ ಗಾಯ ತೋರಿಸುತ್ತಿದ್ದವರು ಈಗ ಫೋನು ತೋರಿಸತೊಡಗಿದರು. “ನೋಡ್ರಿ ಮೇಡಂ, ನಾನು ಇಷ್ಟುದ್ದ ಬರದೀನಿ, ಆಕಿ ಬರೇ ‘ಹೂಂ’ ಅಂತ ಕಳಸ್ಯಾಳ.” ಒಂದು ‘ಹೂಂ’ಗೆ ಎಷ್ಟು ಅರ್ಥವಿರಬಹುದೆಂದು ನನ್ನ ಓದಿನಲ್ಲಿ ಎಲ್ಲೂ ಹೇಳಿರಲಿಲ್ಲ. ಒಂದು ಜೋಡಿಯಂತೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತು, ಒಬ್ಬರ ಮೇಲೊಬ್ಬರು ದೂರು ಹೇಳಿ ನನಗೆ ಬೇರೆ ಬೇರೆ ಸಂದೇಶ ಕಳಿಸುತ್ತಿದ್ದರು. ಇಬ್ಬರ ಫೋನನ್ನೂ ಇಸಿದುಕೊಂಡು ಮಜ್ಜಿಗೆ ಕೊಟ್ಟೆ. ಕೈ ಖಾಲಿಯಾದ ಮೇಲೆ ಬಾಯಿ ಬಂತು.

ನಿವೃತ್ತಿಗೆ ಎರಡು ತಿಂಗಳಿರುವಾಗ ಸಂಡೂರಿನಿಂದ ಯಮನೂರಪ್ಪ ಬಂದರು. ಅರವತ್ತು ದಾಟಿದವರು, ಗಣಿಯಲ್ಲಿ ಬಹಳ ವರ್ಷ ಟಿಪ್ಪರ್ ಓಡಿಸಿದವರು. ಬಂದವರೇ ಕೂತು, “ನನ್ನ ಹೆಂಡತಿ ಕೆಟ್ಟಾಳ್ರಿ” ಎಂದರು. ಏನಾಗಿದೆ ಎಂದರೆ, “ಸಮುದ್ರ ನೋಡಬೇಕಂತ!”

ಹೆಂಡತಿ ತಾಯಮ್ಮ ಹೆಂಗಸರ ಸಂಘವೊಂದರಲ್ಲಿದ್ದರು. ಸಂಘದವರು ನಾಲ್ಕು ದಿನ ಗೋಕರ್ಣಕ್ಕೆ ಹೊರಟಿದ್ದರು. ನಲವತ್ತು ವರ್ಷದಲ್ಲಿ ಗಂಡನ ಮಾತಿಗೆ ಎದುರು ಆಡದ ತಾಯಮ್ಮ ಈ ಸಲ, “ಹೋಗೇ ಹೋಗತೀನಿ. ತಡದ್ರ, ತಿರುಗಿ ಬರೋದು ಬಿಡೋದು ಆಮ್ಯಾಲ ನೋಡತೀನಿ” ಎಂದಿದ್ದರು. ಅದಾದ ಮೇಲೆ ಯಮನೂರಪ್ಪ ಎರಡು ದಿನದಿಂದ ಮನೆಯಲ್ಲಿ ಅನ್ನ ಮುಟ್ಟಿರಲಿಲ್ಲ. ನನ್ನ ಮುಂದೆ ಒಂದು ತಾಸು ಮಾತಾಡಿದರು. ವಯಸ್ಸು ಏನು, ಜನ ಏನಂದಾರು, ಅಲೆ ಎಳೆದುಕೊಂಡು ಹೋದರೆ ಯಾರು ಹೊಣೆ, ಹೆಂಗಸರಿಗೆ ಸಂಘ ಕಲಿಸುವುದು ಇದನ್ನೇ.

ಇಪ್ಪತ್ತೈದರ ವಯಸ್ಸಿನ ನಾನಾಗಿದ್ದರೆ ಬೆರಳೆತ್ತಿ ಹೆಣ್ಣಿನ ಹಕ್ಕಿನ ಬಗ್ಗೆ ಭಾಷಣ ಮಾಡುತ್ತಿದ್ದೆ. ಮೂವತ್ತೈದರವಳಾಗಿದ್ದರೆ ‘ನಿಮ್ಮ ಮಾತೂ ಸರಿ’ ಎನ್ನುತ್ತಿದ್ದೆ. ತಾಯಮ್ಮ ಹೋಗಬೇಕು, ಅದರಲ್ಲಿ ನನಗೆ ಎರಡು ಮಾತಿರಲಿಲ್ಲ. ಈ ಮನುಷ್ಯ ಯಾವುದಕ್ಕೆ ಹೆದರಿದ್ದಾನೆ ಎಂದು ಮಾತ್ರ ತಿಳಿದಿರಲಿಲ್ಲ.

“ಆಕಿ ಹೋದ ಮುಂಜಾನಿ ನೀವು ಎದ್ದು ಏನು ಮಾಡತೀರಿ?” ಎಂದು ಕೇಳಿದೆ.

“ಏನು ಮಾಡೋದು? ಮುಖ ತೊಳಕೊಂಡು ಚಾ...” ಎಂದವರು ಅಲ್ಲಿಗೇ ನಿಂತರು. ಲೋಟದಲ್ಲಿ ಉಳಿದ ಮಜ್ಜಿಗೆಯನ್ನು ನೋಡುತ್ತ ಕೂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು. “ಗುಡ್ಡದ ಮ್ಯಾಲಿಂದ ಲೋಡ್ ಗಾಡಿ ರಿವರ್ಸ್ ತಂದಾವ ನಾನು. ಆ ಕುಕ್ಕರ್ ಸೀಟಿ ಹೊಡದ್ರ ಎದಿ ಝಲ್ ಅಂತೈತ್ರಿ. ಆಕಿ ಇಲ್ಲಂದ್ರ ಆ ಮನ್ಯಾಗ ನನಗ ಒಂದು ಲೋಟ ಎಲ್ಲೈತಿ ಅಂತ ಗೊತ್ತಿಲ್ಲ. ಇದನ್ನ ಆಕಿ ಮುಂದ ಹೆಂಗ ಹೇಳ್ಲಿ?”

“ಹೇಳಬ್ಯಾಡ್ರಿ. ಕಲೀರಿ. ನಾನು ಬರತೀನಿ” ಎಂದುಬಿಟ್ಟೆ.

ನನ್ನ ಅಡುಗೆಯ ವಿಷಯವನ್ನು ಆಗ ಹೇಳಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ನನ್ನ ಗಂಡನ ಸಾರೇ ರುಚಿ. ತಾಯಮ್ಮ ಬಸ್ಸು ಹತ್ತಿದ ಮರುದಿನ ಸಂಡೂರಿಗೆ ಹೋದೆ. ಇಬ್ಬರೂ ಸೇರಿ ಮೊದಲ ಅನ್ನವನ್ನು ತಳ ಹಿಡಿಸಿದೆವು. ಕುಕ್ಕರ್ ಸೀಟಿ ಹೊಡೆದಾಗ ಯಮನೂರಪ್ಪ ಬಾಗಿಲವರೆಗೆ ಓಡಿದರು. ಎರಡನೆಯದು ಗಂಜಿಯಾಯಿತು. ನಾನು ಗಂಡನಿಗೆ ಫೋನು ಮಾಡಿ ನೀರಿನ ಅಳತೆ ಕೇಳಿದೆ. ಮೂರನೆಯದು ಅನ್ನವಾಯಿತು. ಅಷ್ಟರಲ್ಲಿ ಗೋಕರ್ಣದಿಂದ ತಾಯಮ್ಮನ ಫೋನು ಬಂತು.

“ಉಂಡ್ರಿ?”

“ಉಂಡೆ. ನಾನೇ ಮಾಡಿದೆ.”

“ಯಾರು ಕಲಿಸಿದ್ರು?”

“ಹೊಸಪ್ಯಾಟಿ ಮೇಡಂ ಬಂದಾರ.”

“ಆಕಿಗರ ಬರತೈತೇನು?” ಎಂದರು ತಾಯಮ್ಮ. ಫೋನು ಸ್ಪೀಕರಿನಲ್ಲಿತ್ತು.

ನಾನು ಹೊರಡುವಾಗ ಯಮನೂರಪ್ಪ ಬಾಗಿಲವರೆಗೆ ಬಂದು, “ಆಕಿ ಬರೋ ದಿನ ನೀವೂ ಬರ್ರಿ. ನಾನೇ ಮಾಡೇನಿ ಅನ್ನಾಕ ಒಂದು ಸಾಕ್ಷಿ ಬೇಕು” ಎಂದರು. ಹೋದೆ. ಮಧ್ಯಾಹ್ನದ ಹೊತ್ತು. ತಾಯಮ್ಮ ಚೀಲ ಇಳಿಸಿ, ಮುಖ ತೊಳೆದು, ಅಭ್ಯಾಸದಂತೆ ಒಲೆಯ ಕಡೆ ನಡೆದರು. ಯಮನೂರಪ್ಪ ಅಡ್ಡ ನಿಂತು, “ಕುಂದ್ರು” ಎಂದರು. ಆಕೆ ಗೋಡೆಗೆ ಬೆನ್ನು ಹಚ್ಚಿ ಕೂತರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡರು.

“ಸಮುದ್ರ ಹೆಂಗಿತ್ತವ್ವ?” ಎಂದು ಕೇಳಿದೆ.

“ಏನೈತ್ರಿ ಅದರಾಗ, ನೀರು” ಎಂದು ನಕ್ಕರು. ಆಮೇಲೆ ನೆಲ ನೋಡುತ್ತ ಹೇಳಿದರು. “ಒಂದು ತಾಸು ಹಂಗ ನಿಂತಿದ್ದೆ. ಯಾರೂ ನನ್ನ ಕರೀಲಿಲ್ಲ.”

ಯಮನೂರಪ್ಪ ತಟ್ಟೆ ತಂದಿಟ್ಟರು. ಅನ್ನ, ಬೇಳೆ ಸಾರು, ಅವರೇ ಕಲಿತ ಬದನೆಕಾಯಿ ಪಲ್ಯ. ತಾಯಮ್ಮ ಒಂದು ತುತ್ತು ತಿಂದರು. ಗಂಡ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತು ಆಕೆಯ ಮುಖವನ್ನೇ ನೋಡುತ್ತಿದ್ದರು.

“ಸಾರಿಗೆ ಉಪ್ಪು ಕಡಿಮಿ ಆಗೈತಿ” ಎಂದರು ತಾಯಮ್ಮ.

ಯಮನೂರಪ್ಪನ ಮುಖ ಕೆಂಪಾಯಿತು. ಹುಬ್ಬು ಗಂಟಿಕ್ಕಿತು. ನನ್ನತ್ತ ತಿರುಗಿದರು. ನನ್ನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಮಾತು ಬಂದಿತ್ತು, ಇಬ್ಬರಿಗೂ ಒಪ್ಪುವಂಥದ್ದು. ಅದನ್ನು ನುಂಗಿ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತೆ.

ಅವರು ಎದ್ದರು. ಅಡುಗೆಯ ಮೂಲೆಯಲ್ಲಿ ಡಬ್ಬಿಗಳು ಸದ್ದಾದವು. ಒಂದರ ಮೇಲೊಂದು ಮುಚ್ಚಳ ತೆಗೆದು ಹಾಕಿದ ಸದ್ದು.

“ಉಪ್ಪು ಎಲ್ಲೈತೆ?” ಎಂದು ಕೂಗಿದರು.

“ನನಗೇನು ಗೊತ್ರಿ?” ಎಂದರು ತಾಯಮ್ಮ, ಇನ್ನೊಂದು ತುತ್ತು ಕಲಸುತ್ತ. “ನಾಕು ದಿನದಿಂದ ಅಡಿಗಿ ಮಾಡಾಕತ್ತವರು ನೀವು.”

ಒಳಗಿನಿಂದ ಯಮನೂರಪ್ಪ ನಗುವುದು ಕೇಳಿಸಿತು, ತಾಯಮ್ಮ ಬಾಯಿಗೆ ಸೆರಗು ಹಿಡಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಹೊಸಪೇಟೆಯ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ಹೋಗಿ ನಿಲ್ದಾಣದಲ್ಲೇ ಕೂತೆ.